ದಿಂಬಿನ ಕವರಿನ ಚೆಂಡು

ನಮ್ಮ ಮನೆಯಲ್ಲಿ ಮಾತಿನ ಖಾತೆ ಅತ್ತಿಗೆಯದು. ಅಣ್ಣನದು ನಿದ್ದೆಯ ಖಾತೆ, ಅವನಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಉಳಿದದ್ದು ತಲೆಯಾಡಿಸುವ ಖಾತೆ, ಅದು ನನ್ನದು. ಅಮ್ಮ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದುಕೊಂಡು ಅಣ್ಣನ ಮನೆಗೆ ಬಂದವಳು ನಾನು. ಬಂದ ದಿನ ಪಕ್ಕದ ಮನೆಯವರು ಹೇಗಿದ್ದೀಯಮ್ಮ ಎಂದು ಕೇಳಿದ್ದಕ್ಕೆ, ಚೆನ್ನಾಗಿದ್ದಾಳೆ ಎಂದು ಅತ್ತಿಗೆಯೇ ಉತ್ತರ ಕೊಟ್ಟರು. ಅಲ್ಲಿಂದ ಇಲ್ಲಿಯವರೆಗೆ ನಾನು ಚೆನ್ನಾಗಿಯೇ ಇದ್ದೇನೆ.

ಮನೆ ಮಾಲೀಕ, ಗ್ಯಾಸಿನವನು, ದರ್ಜಿ, ಎಲ್ಲರ ಹತ್ತಿರವೂ ನನ್ನ ಪರವಾಗಿ ಅತ್ತಿಗೆ. ಜ್ವರ ಬಂದು ಡಾಕ್ಟರ ಹತ್ತಿರ ಹೋದರೆ ನನಗೆ ಎಲ್ಲೆಲ್ಲಿ ನೋಯುತ್ತದೆ ಎಂದು ಅವರೇ ಹೇಳುತ್ತಿದ್ದರು. ಡಾಕ್ಟರು ನನ್ನ ಬಾಯಿಗೆ ಥರ್ಮಾಮೀಟರ್ ಇಟ್ಟಿದ್ದಕ್ಕೆ ನಾನು ಸುಮ್ಮನಿದ್ದೇನೆ ಎಂದು ನೋಡಿದವರು ಅಂದುಕೊಳ್ಳಬೇಕು. ಅದನ್ನು ಇಡುವ ಮೊದಲೂ ಸುಮ್ಮನೇ ಇದ್ದೆ. ಹಾಗಂತ ನಾನು ಮೂಗಿಯಲ್ಲ. ಒಳಗೆ ಮಾತು ಕೊತಕೊತ ಕುದಿಯುತ್ತಲೇ ಇರುತ್ತದೆ. ಅದು ಗಂಟಲು ದಾಟುವಷ್ಟರಲ್ಲಿ ಅತ್ತಿಗೆ ಆ ವಿಷಯ ಮುಗಿಸಿ, ಮುಂದಿನದಕ್ಕೆ ಹೋಗಿ, ಅದನ್ನೂ ಅರ್ಧ ಮಾಡಿರುತ್ತಾರೆ.

ನಾವಿಬ್ಬರೂ ಒಂದೇ ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿದ್ದೆವು. ಅಲ್ಲಿ ಒದ್ದೆ ಕಡೆ, ಒಣ ಕಡೆ ಎಂದು ಎರಡು ಭಾಗ. ಒಣ ಕಡೆ ಎಂದರೆ ಇಸ್ತ್ರಿ, ಮಡಿಕೆ, ವಾರ್ಡಿಗೆ ಎಣಿಸಿ ಕಳಿಸುವುದು. ಅತ್ತಿಗೆ ಅಲ್ಲಿ. ಒದ್ದೆ ಕಡೆ ಎಂದರೆ ವಾರ್ಡಿನಿಂದ ಬಂದ ಹೊಲಸು ಚಾದರ, ದಿಂಬಿನ ಕವರು, ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ, ಸೋಡಾ, ಬ್ಲೀಚು. ನಾನು ಇಲ್ಲಿ. ಕೈಗೆ ಗ್ಲೌಸು ಕೊಡುತ್ತಾರೆ, ಇಲ್ಲವೆನ್ನುವುದಿಲ್ಲ. ಅದರೊಳಗೆ ಬೆವರಿ ಬೆವರಿ ನನ್ನ ಕೈ ಇನ್ನಷ್ಟು ಕೆಟ್ಟಿತು. ಬೆರಳ ಸಂದಿಯಲ್ಲೆಲ್ಲ ಸೀಳು, ಮುಷ್ಟಿ ಬಿಗಿದರೆ ರಕ್ತ. ಊಟದ ಬಿಡುವಿನಲ್ಲಿ ಯಾರಿಗೂ ಹೇಳದೆ ಮೇಲಿನ ಮಹಡಿಯ ಚರ್ಮದ ಡಾಕ್ಟರಿಗೆ ತೋರಿಸಿದೆ. ಮುಲಾಮು ಬರೆದುಕೊಟ್ಟರು. ಇದು ಮುಲಾಮಿಗೆ ಬಗ್ಗುವುದಲ್ಲ, ಈ ನೀರು ಬಿಟ್ಟರೆ ಮಾತ್ರ ವಾಸಿ, ಬಿಡದೆ ಹೋದರೆ ಮುಂದೆ ಈ ಕೈಯಲ್ಲಿ ಚಮಚ ಹಿಡಿಯುವುದೂ ಕಷ್ಟ ಎಂದೂ ಹೇಳಿದರು.

ಮನೆಯಲ್ಲಿ ಇದನ್ನು ಹೇಳಲಿಲ್ಲ. ಹೇಳಿದರೆ ಅತ್ತಿಗೆ ಡಾಕ್ಟರ ಹತ್ತಿರ ಮಾತಾಡುತ್ತಾರೆ, ಸೂಪರ್‌ವೈಸರ್ ಹತ್ತಿರ ಮಾತಾಡುತ್ತಾರೆ, ಕೊನೆಗೆ ಸೂಪರ್‌ವೈಸರು, ಸರಿಯಮ್ಮ, ಹಾಗಾದರೆ ಮನೆಯಲ್ಲಿ ಸುಧಾರಿಸಿಕೊಳ್ಳಲಿ ಎನ್ನುತ್ತಾರೆ. ಒಣ ಕಡೆಗೆ ಹಾಕಿ ಎಂದು ಕೇಳುವ ಹಾಗೂ ಇರಲಿಲ್ಲ. ಅಲ್ಲಿಗೆ ಹೋಗಲು ನನಗಿಂತ ಹಿರಿಯರು ಸಾಲಾಗಿ ಕಾದಿದ್ದರು. ಹೀಗೆ ಮುಲಾಮು ಹಚ್ಚಿಕೊಂಡು, ಹಲ್ಲು ಕಚ್ಚಿಕೊಂಡು ದಿನ ದೂಡುತ್ತಿದ್ದೆ.

ಆ ಹೊತ್ತಿಗೆ ಆಸ್ಪತ್ರೆಗೆ ಹೊರದೇಶದ ರೋಗಿಗಳು ಬರತೊಡಗಿದರು. ಅವರಿಗಾಗಿ ಮುಂಬಾಗಿಲಲ್ಲಿ ಹೊಸದೊಂದು ವಿಚಾರಣೆ ಕೌಂಟರು ಕಟ್ಟಿಸಿದರು. ಮುಂದೆ ಗಾಜಿನ ತಡೆ, ಅದರ ಹಿಂದೆ ಮೇಜು, ಫೋನು, ತಿರುಗುವ ಒಂದು ಕುರ್ಚಿ. ಹೊರಗಿನವರನ್ನು ತರುವ ಬದಲು ಇದ್ದವರಲ್ಲೇ ಒಬ್ಬರಿಗೆ ಇಂಗ್ಲಿಷ್ ಮಾತಾಡಲು ಕಲಿಸಿ ಕೂರಿಸೋಣ ಎಂದು ಆಡಳಿತದ ಮೇಡಂ ನಿರ್ಧರಿಸಿದರು. ನಮ್ಮ ಸೂಪರ್‌ವೈಸರು ಒದ್ದೆ ಕಡೆಗೆ ಬಂದು ಯಾರಿಗೆ ಬೇಕು ಎಂದು ಕೇಳಿದರು. ಆಗ ಅತ್ತಿಗೆ ಮಡಚಬೇಕಾದ ಬಟ್ಟೆ ಒಯ್ಯಲು ಅಲ್ಲಿಗೆ ಬಂದಿದ್ದರು. ನಾನು ಒದ್ದೆ ಚಾದರದ ಒಂದು ತುದಿ ಹಿಡಿದು ನಿಂತಿದ್ದೆ. ಒಣಗಿದ ಕುರ್ಚಿ, ಒಣಗಿದ ಮೇಜು, ಒಣಗಿದ ಫೋನು. ಸೂಪರ್‌ವೈಸರು ನನ್ನ ಮುಖ ನೋಡಿದರು.

"ನನ್ನ ಹೆಸರು ಬರ್ಕೊಳ್ಳಿ ಸಾರ್," ಎಂದರು ಅತ್ತಿಗೆ. "ಅವಳಿಗೆ ಬೇಡ. ಅವಳು ಬಾಯಿ ಬಿಡೋಳಲ್ಲ."

ಸೂಪರ್‌ವೈಸರು ಬರೆದುಕೊಂಡು ಹೋದರು. ಮೌನಂ ಸಮ್ಮತಿ ಲಕ್ಷಣಂ ಅಂತ ಯಾವ ಪುಣ್ಯಾತ್ಮ ಹೇಳಿದನೋ, ಅವನ ಮನೆಯಲ್ಲಿ ಅತ್ತಿಗೆ ಇರಲಿಲ್ಲ ಅಂತ ಕಾಣುತ್ತದೆ. ಆ ದಿನ ನನಗೆ ಎಷ್ಟು ಸಿಟ್ಟು ಬಂತೆಂದರೆ ಸಂಜೆ ಪಾತ್ರೆ ತೊಳೆಯುವಾಗ ಒಂದು ಲೋಟದ ಕಂಠ ನೆಗ್ಗಿಸಿದೆ. ಇದ್ಯಾಕೆ ಹೀಗಾಯ್ತು ಎಂದು ಅಣ್ಣ ಕೇಳಿದ. ಕೈಜಾರಿರಬೇಕು ಎಂದು ಅತ್ತಿಗೆ ಉತ್ತರ ಹೇಳಿದರು.

ತರಗತಿ ನಡೆಯುತ್ತಿದ್ದದ್ದು ಮಧ್ಯಾಹ್ನದ ಪಾಳಿ ಮುಗಿದ ಮೇಲೆ, ಕ್ಯಾಂಟೀನಿನ ಹಿಂದಿನ ಉಗ್ರಾಣದಲ್ಲಿ. ಕಲಿಸಲು ಬಂದವರು ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸ್ ಮಾಡುತ್ತಿದ್ದು ನಿವೃತ್ತರಾದವರು. ನಾವೆಲ್ಲ ಅನೌನ್ಸರ್ ಮೇಷ್ಟ್ರು ಎನ್ನುತ್ತಿದ್ದೆವು. ಒಬ್ಬೊಬ್ಬರೇ ಬಂದರೆ ಕಲಿಸುವುದಿಲ್ಲ, ಮಾತು ಎಂದರೆ ಇಬ್ಬರ ಕೆಲಸ, ಮನೆಯಲ್ಲೂ ಜೊತೆಗೆ ಮಾತಾಡುವಂಥ ಒಬ್ಬರನ್ನು ಕರೆದುಕೊಂಡು ಬನ್ನಿ ಎಂದು ಅವರ ಹಟ. ಅತ್ತಿಗೆ ನನ್ನನ್ನು ಕರೆದುಕೊಂಡು ಹೋದರು. ಹೀಗೆ ನಾನು ಪರೀಕ್ಷೆ ಕೊಡುವವಳಾಗಿ ಅಲ್ಲ, ಪರೀಕ್ಷೆಗೆ ಬೇಕಾದ ಸಾಮಾನಾಗಿ ಇಂಗ್ಲಿಷ್ ಕಲಿಯಲು ಕೂತೆ.

ಕೂತೆ ಎನ್ನುವುದೂ ತಪ್ಪು. ಮೇಷ್ಟ್ರು ಮೊದಲ ದಿನವೇ ಬೆಂಚುಗಳನ್ನೆಲ್ಲ ಗೋಡೆಗೆ ಒತ್ತರಿಸಿದರು. ಅತ್ತಿಗೆ ಬೈಂಡು ಹಾಕಿದ ದಪ್ಪ ನೋಟ್‌ಬುಕ್ ತಂದಿದ್ದರು, ಅದನ್ನು ಈಸಿಕೊಂಡು ಕಿಟಕಿಯ ಮೇಲಿಟ್ಟರು. ಈಜುವುದನ್ನು ಬರೆದುಕೊಂಡು ಕಲಿತವರಿಲ್ಲ ಎಂದರು. ಆಮೇಲೆ ಶುರುವಾಯಿತು ನೋಡಿ, ಆಟದ ಮೇಲೆ ಆಟ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಒಬ್ಬರ ಕೈಯಲ್ಲಿ ಚಿತ್ರ, ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ. ಚಿತ್ರ ಇದ್ದವರು ಇಂಗ್ಲಿಷಿನಲ್ಲಿ ಹೇಳಬೇಕು, ಹಾಳೆ ಇದ್ದವರು ಅದನ್ನು ಕೇಳಿ ಚಿತ್ರ ಬರೆಯಬೇಕು. ನಮ್ಮ ಹಾಗೇ ಕುರ್ಚಿಗಾಗಿ ಕಲಿಯಲು ಬಂದಿದ್ದ ಗೇಟಿನ ಕಾವಲುಗಾರ ಬೆಕ್ಕಿನ ಬೆನ್ನ ಮೇಲೆ ಮೇಜು ಹೊರಿಸಿದ. ಅತ್ತಿಗೆ ಹೇಳಿದ್ದನ್ನೆಲ್ಲ ನಾನು ಬರೆಯುತ್ತಾ ಹೋದೆ, ಕೊನೆಗೆ ನೋಡಿದರೆ ಚಿತ್ರದಲ್ಲಿ ಇದ್ದದ್ದು ಒಂದು ಮನೆ, ನನ್ನ ಹಾಳೆಯಲ್ಲಿ ಒಂದು ಪೇಟೆ. ಅಷ್ಟು ಮಾತಿತ್ತು ಅವರ ಹತ್ತಿರ.

ಮೇಷ್ಟ್ರ ಮುಖ್ಯ ಆಟ ಚೆಂಡಿನದು. ಚೆಂಡು ಎಂದರೆ ನಮ್ಮದೇ ವಿಭಾಗದ ದಿಂಬಿನ ಕವರನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದ್ದು. ಚೆಂಡು ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಮಾತು. ಒಬ್ಬರು ರೋಗಿಯ ಕಡೆಯವರು, ಇನ್ನೊಬ್ಬರು ಕೌಂಟರಿನವರು. ಮೊದಲು ಚೆಂಡು ರೋಗಿಯ ಕಡೆಯವರಿಗೆ. ಅವರು ದೂರು ಹೇಳಿ, ಸಾಕು ಅನ್ನಿಸಿದಾಗ ಚೆಂಡು ದಾಟಿಸಬೇಕು. ಕೌಂಟರಿನವರು ತಮ್ಮ ಮಾತು ಶುರು ಮಾಡುವ ಹಾಗಿಲ್ಲ. ರೋಗಿಯ ಕಡೆಯವರು ಹೇಳಿದ್ದನ್ನೇ ಮೊದಲು ವಾಪಸ್ ಹೇಳಬೇಕು, ಯು ಆರ್ ಸೇಯಿಂಗ್ ಎಂದು ಶುರು ಮಾಡಿ. ಹೆಚ್ಚು ಸೇರಿಸಬಾರದು, ಏನೂ ಬಿಡಬಾರದು. ಕೊನೆಗೆ ಒಂದೇ ಪ್ರಶ್ನೆ: ವಾಟ್ ಡು ಯು ವಾಂಟ್? ಕೌಂಟರಿನ ಕೆಲಸ ಎಂದರೆ ಇಷ್ಟೇ, ಮಿಕ್ಕಿದ್ದೆಲ್ಲ ಫೋನು ಎತ್ತಿ ಇಡುವುದು ಎನ್ನುತ್ತಿದ್ದರು ಮೇಷ್ಟ್ರು.

ಕುರ್ಚಿ ಬೇಕಾದದ್ದು ಅತ್ತಿಗೆಗೆ, ಹಾಗಾಗಿ ಕೌಂಟರು ಯಾವಾಗಲೂ ಅವರದೇ. ಜಗಳ ನನ್ನದು. ನೋಡಿ ಎಂಥ ನ್ಯಾಯ, ಬಾಯಿ ಇಲ್ಲದವಳು ಬೈಯಬೇಕು, ಬಾಯಿ ಇದ್ದವರು ಸುಮ್ಮನೆ ಕೇಳಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಯಿತು ನಮ್ಮ ಜೋಡಿ. ನಾನು, ಸರ್, ಲೇಟ್, ಎಂದು ಎರಡು ಮಾತಾಡಿ ಚೆಂಡು ದಾಟಿಸಿಬಿಡುತ್ತಿದ್ದೆ. ಅತ್ತಿಗೆ ಯು ಆರ್ ಸೇಯಿಂಗ್ ಎಂದು ಹಿಡಿದರೆ ನನ್ನ ತಡ, ನನ್ನ ಹಸಿವು, ನನ್ನ ಮಾವನ ಆಪರೇಷನ್ನು, ಎಲ್ಲಾ ಬರುತ್ತಿತ್ತು. ಆ ಮಾವ ಎಲ್ಲಿಂದ ಬಂದನೋ ನನಗೇ ಗೊತ್ತಿಲ್ಲ.

ಒಂದು ದಿನ ಮೇಷ್ಟ್ರು ಆಟ ನಿಲ್ಲಿಸಿದರು. ಅವರು ಕೊಟ್ಟಿದ್ದು ಎರಡು ಮಾತು, ನೀವು ವಾಪಸ್ ಕೊಟ್ಟಿದ್ದು ಹತ್ತು, ಮಿಕ್ಕಿದ್ದು ಯಾರದ್ದಮ್ಮ ಎಂದು ಅತ್ತಿಗೆಯನ್ನು ಕೇಳಿದರು. ಅತ್ತಿಗೆ, ಅವಳ ಮನಸ್ಸಲ್ಲಿರೋದು ನನಗೆ ಗೊತ್ತು ಸಾರ್ ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮೇಷ್ಟ್ರು ನನ್ನ ಕಡೆ ತಿರುಗಿ, ಬಿಸಿ ಪಾತ್ರೆ ದಾಟಿಸಿದ ಹಾಗೆ ಚೆಂಡು ದಾಟಿಸ್ತೀರಲ್ಲ, ಸ್ವಲ್ಪ ಹೊತ್ತು ಕೈಯಲ್ಲಿ ಇಟ್ಕೊಳ್ಳಿ ಎಂದರು.

ಆಮೇಲೆ ಇಟ್ಟುಕೊಳ್ಳಲು ನೋಡಿದೆ. ಮನೆಯಲ್ಲಿ ತರಕಾರಿ ಹೆಚ್ಚುತ್ತಾ ಅಭ್ಯಾಸ ಮಾಡುವಾಗ, ಚೆಂಡಿನ ಬದಲು ಒಂದು ಈರುಳ್ಳಿ ಹಿಡಿದು, ಎರಡು ಮಾತಿನ ಜಾಗದಲ್ಲಿ ಐದು ಹೇಳಿದೆ. ಆಗ ಒಂದು ವಿಚಿತ್ರ ಗೊತ್ತಾಯಿತು. ಕನ್ನಡದಲ್ಲಿ ನಾನು ಶುರು ಮಾಡಿದ್ದನ್ನು ಅತ್ತಿಗೆ ಮುಗಿಸುತ್ತಾರೆ. ಇಂಗ್ಲಿಷಿನಲ್ಲಿ ಅವರ ಕೈಲಿ ಅದು ಆಗುತ್ತಿರಲಿಲ್ಲ. ಅಲ್ಲಿ ಇಬ್ಬರೂ ಅಂಬೆಗಾಲಿಡುವವರೇ. ನಾನು ಮುಂದಿನ ಪದ ಹುಡುಕುತ್ತಾ ನಿಂತರೆ ಅವರೂ ನನ್ನ ಜೊತೆ ನಿಲ್ಲಬೇಕಿತ್ತು, ನನ್ನನ್ನು ದಾಟಿ ಓಡಿಹೋಗಲು ಅವರ ಹತ್ತಿರ ಪದವಿರಲಿಲ್ಲ. ನನ್ನ ಜನ್ಮದಲ್ಲಿ ಮೊದಲ ಸಲ ನನ್ನ ವಾಕ್ಯದ ಕೊನೆ ನನಗೇ ಸಿಕ್ಕಿತು. ಎಷ್ಟು ಖುಷಿಯಾಯಿತೆಂದರೆ ಆ ಈರುಳ್ಳಿಯನ್ನು ಹೆಚ್ಚಲಿಲ್ಲ, ಬೇರೆ ತೆಗೆದುಕೊಂಡೆ.

ಪರೀಕ್ಷೆ ನಡೆದದ್ದು ಹೊಸ ಕೌಂಟರಿನಲ್ಲೇ. ಆ ಬೆಳಿಗ್ಗೆ ಒದ್ದೆ ಕಡೆ ಕೆಲಸ ಹೆಚ್ಚಿತ್ತು, ನನಗೆ ಮುಷ್ಟಿ ಬಿಗಿಯಲೂ ಆಗುತ್ತಿರಲಿಲ್ಲ. ಆಡಳಿತದ ಮೇಡಂ, ನಮ್ಮ ಸೂಪರ್‌ವೈಸರು, ಮೇಷ್ಟ್ರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಮಗಿಂತ ಮೊದಲು ಕಾವಲುಗಾರನದು ಆಯಿತು. ಅವನು ದೂರು ಕೇಳುವುದಕ್ಕಿಂತ ಮುಂಚೆ ಅಭ್ಯಾಸಬಲದಿಂದ ಪಾಸ್ ತೋರಿಸಿ ಎಂದು ಕೇಳಿದ. ಆಮೇಲೆ ಅತ್ತಿಗೆ ಗಾಜಿನ ಹಿಂದೆ ಹೋಗಿ ತಿರುಗುವ ಕುರ್ಚಿಯಲ್ಲಿ ಕೂತರು, ಸೆರಗು ಸರಿಮಾಡಿಕೊಂಡರು. ಆ ಕುರ್ಚಿ ಅವರಿಗೆ ಒಪ್ಪುತ್ತಿತ್ತು, ಸುಳ್ಳು ಹೇಳಬಾರದು. ಮೇಷ್ಟ್ರು ನನ್ನ ಕೈಗೆ ಆಗಷ್ಟೇ ಒಗೆದು ಬಂದ ಬಿಳಿ ಕವರಿನ ಹೊಸ ಚೆಂಡನ್ನೂ ಒಂದು ಚೀಟಿಯನ್ನೂ ಕೊಟ್ಟರು. ಚೀಟಿಯಲ್ಲಿ ಇದ್ದದ್ದು ಇಷ್ಟು: ನೀವು ಬಹಳ ಹೊತ್ತಿನಿಂದ ಕಾಯುತ್ತಿದ್ದೀರಿ, ನಿಮ್ಮನ್ನು ಯಾರೂ ಏನೂ ಕೇಳಿಲ್ಲ, ದೂರು ಕೊಡಿ.

ನಾನು ಅದನ್ನು ಎರಡು ಸಲ ಓದಿದೆ. ಚೆಂಡನ್ನು ಒತ್ತಿ ಹಿಡಿದೆ, ಕೈ ಉರಿಯಿತು. ಈಗ ದಾಟಿಸಿದರೆ ಆ ಕುರ್ಚಿ ಹೋಯಿತು, ನಾಳೆ ಮತ್ತೆ ಬ್ಲೀಚಿನ ತೊಟ್ಟಿ. ಬಾಯಿ ತೆರೆದೆ. ಎಲ್ಲಾ ಇಂಗ್ಲಿಷಿನಲ್ಲೇ, ತಪ್ಪೋ ಒಪ್ಪೋ ಸೇರಿಸಿ, ನಿಧಾನವಾಗಿ ಹೇಳಿದೆ.

"ನಾನು ಬಹಳ ಹೊತ್ತಿನಿಂದ ನಿಂತಿದ್ದೇನೆ. ನೀವು ಎಲ್ಲರ ಹತ್ತಿರ ಮಾತಾಡುತ್ತೀರಿ. ನನ್ನ ಬಗ್ಗೆಯೂ ಮಾತಾಡುತ್ತೀರಿ. ನನ್ನ ಹತ್ತಿರ ಮಾತಾಡುವುದಿಲ್ಲ."

ಇಷ್ಟಕ್ಕೆ ಚೆಂಡು ಬರುತ್ತದೆ ಎಂದು ಅತ್ತಿಗೆ ಕೈ ಚಾಚಿದರು. ನಾನು ಕೊಡಲಿಲ್ಲ.

"ಸಾಹೇಬರು ಬಂದು ಯಾರಿಗೆ ಬೇಕು ಅಂದರು. ನೀವು, ಅವಳಿಗೆ ಬೇಡ ಅಂದಿರಿ. ನನಗೆ ಬೇಕಾಗಿತ್ತು. ನನ್ನ ಕೈ ಹಾಳಾಗಿದೆ. ನೀರು ಬಿಡು ಅಂತ ಡಾಕ್ಟರು ಹೇಳಿದ್ದಾರೆ. ಅದು ನಿಮಗೆ ಗೊತ್ತಿಲ್ಲ. ನೀವು ಕೇಳಲಿಲ್ಲ."

ಅತ್ತಿಗೆಯ ಬಾಯಿ ತೆರೆಯಿತು. ಕಣ್ಣು ಚೆಂಡಿನ ಮೇಲೆ ಹೋಯಿತು, ಬಾಯಿ ಮುಚ್ಚಿತು. ನನಗೆ ಇನ್ನು ಹೇಳಲು ಏನೂ ಉಳಿದಿರಲಿಲ್ಲ. ಗಾಜಿನ ಕೆಳಗಿನ ಸಂದಿಯಿಂದ ಚೆಂಡು ದಾಟಿಸಿದೆ. ಬಿಳಿ ಬಟ್ಟೆಯ ಮೇಲೆ ನಾನು ಹಿಡಿದಿದ್ದ ಕಡೆ ಎರಡು ಕೆಂಪು ಕಲೆ ಬಿದ್ದಿದ್ದವು. ಬಟ್ಟೆ ವಿಭಾಗದವರಿಗೆ ಮನುಷ್ಯರ ಮುಖಕ್ಕಿಂತ ಮೊದಲು ಕಲೆ ಕಾಣುತ್ತದೆ. ಅತ್ತಿಗೆ ಚೆಂಡನ್ನು ತಿರುಗಿಸಿದರು, ಹಸಿಯೋ ಒಣಗಿದ್ದೋ ಎಂದು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ನನ್ನ ಕೈ ನೋಡಿದರು. ನಾನು ಅದನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಯು ಆರ್ ಸೇಯಿಂಗ್," ಎಂದು ಅತ್ತಿಗೆ ಶುರು ಮಾಡಿದರು. ಆಮೇಲೆ ಒಂದೊಂದಾಗಿ ಹೇಳಿದರು. ನೀವು ಬಹಳ ಹೊತ್ತು ಕಾದಿರಿ. ನಾನು ಎಲ್ಲರ ಹತ್ತಿರ ಮಾತಾಡಿದೆ, ನಿಮ್ಮ ಬಗ್ಗೆಯೂ ಮಾತಾಡಿದೆ, ನಿಮ್ಮ ಹತ್ತಿರ ಮಾತಾಡಲಿಲ್ಲ. ಸಾಹೇಬರು ಬಂದು ಯಾರಿಗೆ ಬೇಕು ಅಂದರು, ನಾನು ಬೇಡ ಅಂದೆ, ನಿಮಗೆ ಬೇಕಾಗಿತ್ತು. ನಿಮ್ಮ ಕೈ ಹಾಳಾಗಿದೆ, ನೀರು ಬಿಡು ಅಂತ ಡಾಕ್ಟರು ಹೇಳಿದ್ದಾರೆ, ಅದು ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ. ಒಂದು ಮಾತೂ ಹೆಚ್ಚಿಲ್ಲ, ಒಂದೂ ಬಿಟ್ಟಿಲ್ಲ. ಮಾವ ಬರಲಿಲ್ಲ, ಹಸಿವು ಬರಲಿಲ್ಲ. ನನ್ನ ಮಾತು ಇನ್ನೊಬ್ಬರ ಬಾಯಿಂದ ನಾನು ಹೇಳಿದ ಹಾಗೇ ವಾಪಸ್ ಬಂದದ್ದು ಅದೇ ಮೊದಲು. ನನಗೆ ಅಳು ಬಂತು, ತಡೆದುಕೊಂಡೆ.

ಆಡಳಿತದ ಮೇಡಂಗೆ ಬಹಳ ಸಂತೋಷವಾಗಿತ್ತು. ಎಷ್ಟು ಚೆನ್ನಾಗಿ ನಟಿಸಿದಿರಿ ಎಂದರು. ನಮಗೆ ಬೇಕಾದದ್ದು ಇಂಥ ತಾಳ್ಮೆಯೇ, ಇವರ ಹೆಸರನ್ನೇ ಬರೆಯಿರಿ ಎಂದು ಅತ್ತಿಗೆಯನ್ನು ತೋರಿಸಿ ಸೂಪರ್‌ವೈಸರಿಗೆ ಹೇಳಿದರು. ಸೂಪರ್‌ವೈಸರು ಪೆನ್ನು ತೆಗೆದರು. ಇದು ನಟನೆಯಲ್ಲ ಎಂದು ಅವರಿಗೆ ಅರ್ಧ ಅರ್ಥವಾಗಿತ್ತು ಅಂತ ಕಾಣುತ್ತದೆ, ಬರೆಯಲಿಲ್ಲ. ನನ್ನ ದೂರಿನಿಂದಲೇ ಅತ್ತಿಗೆಗೆ ಕುರ್ಚಿ ಸಿಕ್ಕಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನಾನು ಬಾಯಿ ಬಿಟ್ಟದ್ದಕ್ಕೇ ತುತ್ತು ಪಕ್ಕದವರ ಬಾಯಿಗೆ ಹೋಯಿತು.

ಅತ್ತಿಗೆ ಎದ್ದಿರಲಿಲ್ಲ. ಇನ್ನೂ ಮುಗಿದಿಲ್ಲ ಮೇಡಂ, ಒಂದು ಪ್ರಶ್ನೆ ಬಾಕಿ ಇದೆ ಎಂದರು. ನನ್ನ ಕಡೆ ತಿರುಗಿದರು. "ವಾಟ್ ಡು ಯು ವಾಂಟ್?"

"ದಟ್ ಚೇರ್," ಎಂದೆ.

ಅತ್ತಿಗೆ ಎದ್ದು ನಿಂತರು. ಕುರ್ಚಿ ಅದರ ಪಾಡಿಗೆ ಸ್ವಲ್ಪ ತಿರುಗಿ ನಿಂತಿತು. ಮೇಡಂ ಮೇಷ್ಟ್ರ ಮುಖ ನೋಡಿದರು. ಪಾತ್ರ ಅದಲುಬದಲು ಮಾಡಿದರೇ ಈ ಆಟ ಪೂರ್ತಿ ಎಂದು ಮೇಷ್ಟ್ರು ಹೇಳಿದರು. ಇವರ ಹೆಸರು ನಮ್ಮ ಹತ್ತಿರ ಇಲ್ಲವಲ್ಲ, ಇವರಿಗೂ ಈ ಕೆಲಸ ಬೇಕಾ ಎಂದು ಮೇಡಂ ಕೇಳಿದ್ದು, ಎಂದಿನಂತೆ, ಅತ್ತಿಗೆಯನ್ನೇ. ಎಲ್ಲರೂ ಅವರನ್ನೇ ಕೇಳುವುದು.

"ಅವಳನ್ನೇ ಕೇಳಿ ಮೇಡಂ," ಎಂದರು ಅತ್ತಿಗೆ.

ಮೇಡಂ ನನ್ನನ್ನು ಕೇಳಿದರು. ಬೇಕು ಮೇಡಂ ಎಂದೆ. ಗಾಜಿನ ಹಿಂದೆ ಹೋಗಿ ಕೂತೆ.

ಈಗ ಚೆಂಡು ಅತ್ತಿಗೆಯ ಕೈಯಲ್ಲಿ. ಅವರು ಶುರು ಮಾಡಿದರೆ ಆಸ್ಪತ್ರೆಯ ಗಾಜೆಲ್ಲ ನಡುಗುತ್ತದೆ ಎಂದು ಎಲ್ಲರೂ ಕಾಯುತ್ತಿದ್ದರು. ಕಾವಲುಗಾರ ಬಾಗಿಲ ಹತ್ತಿರ ಬಂದು ನಿಂತಿದ್ದ. ಆದರೆ ಅವರು ಮೆತ್ತಗೆ ಮಾತಾಡಿದರು, ಇಂಗ್ಲಿಷಿನಲ್ಲಿ, ತಡಕಾಡುತ್ತಾ.

"ನಮ್ಮ ಮನೆಗೆ ಒಬ್ಬಳು ಹುಡುಗಿ ಬಂದಳು. ಅವಳ ಅಮ್ಮ ಹೋಗಿದ್ದರು. ಜನ ಬಂದು ಕೇಳುತ್ತಿದ್ದರು. ಕೇಳಿದರೆ ಅಳುತ್ತಿದ್ದಳು. ಅದಕ್ಕೆ ನಾನು ಉತ್ತರ ಹೇಳಿದೆ. ಆಮೇಲೆ ಅವಳು ಅಳುವುದನ್ನು ಬಿಟ್ಟಳು. ಸಾಕು ಅಂತ ನನಗೆ ಹೇಳಲಿಲ್ಲ. ಎಲ್ಲದಕ್ಕೂ ನಾನೇ ಮಾತಾಡಬೇಕು. ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ನಾನೂ ಮನುಷ್ಯಳೇ. ನನಗೆ ಸಾಕಾಗಿದೆ."

ಚೆಂಡು ಸಂದಿಯಿಂದ ನನ್ನ ಕಡೆ ಬಂತು. ಕೇಳಿಸಿಕೊಳ್ಳುವುದು ನನಗೆ ಕಷ್ಟವಲ್ಲ, ನನ್ನ ಆಯುಷ್ಯವೆಲ್ಲ ಅದೇ ಕೆಲಸ. ವಾಪಸ್ ಹೇಳುವುದು ಕಷ್ಟವಾಯಿತು. ಪಕ್ಕದ ಮನೆಯವರು ಕೇಳಿದ ದಿನ ನಾನು ಅತ್ತಿದ್ದೆನಾ? ನನಗೆ ನೆನಪಿದ್ದದ್ದು ಅತ್ತಿಗೆಯ ಉತ್ತರ ಮಾತ್ರ. ಅತ್ತಿರಬೇಕು. ಇಲ್ಲದಿದ್ದರೆ ಅವರು ಯಾಕೆ ಅಡ್ಡ ಬಂದು ನಿಲ್ಲುತ್ತಿದ್ದರು?

ಯು ಆರ್ ಸೇಯಿಂಗ್ ಎಂದೆ. ಹುಡುಗಿ ಬಂದಳು, ಅಮ್ಮ ಹೋಗಿದ್ದರು, ಜನ ಬಂದು ಕೇಳಿದರೆ ಅಳುತ್ತಿದ್ದಳು. ಅವಳು ಅಳಬಾರದು ಅಂತ ನೀವು ಉತ್ತರ ಹೇಳಿದಿರಿ. ಇಲ್ಲಿ ಮಾತು ನಿಲ್ಲಿಸಿದೆ. ಅಳಬಾರದು ಎನ್ನುವುದನ್ನು ಅತ್ತಿಗೆ ಹೇಳಿರಲಿಲ್ಲ, ನಾನು ಸೇರಿಸಿದ್ದೆ. ತಪ್ಪಾಯಿತು ಎಂದು ಮೇಷ್ಟ್ರ ಮುಖ ನೋಡಿದೆ. ಅವರು ಮುಂದೆ ಹೇಳಿ ಎಂಬಂತೆ ಕೈ ಆಡಿಸಿದರು. ಮುಂದೆ ಹೇಳಿದೆ. ಅವಳು ಅಳುವುದನ್ನು ಬಿಟ್ಟಳು, ಸಾಕು ಅನ್ನಲಿಲ್ಲ, ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಎಲ್ಲದಕ್ಕೂ ನೀವೇ ಮಾತಾಡಬೇಕು. ನೀವೂ ಮನುಷ್ಯರೇ. ನಿಮಗೆ ಸಾಕಾಗಿದೆ. ಆಮೇಲೆ ಕೊನೆಯ ಪ್ರಶ್ನೆ ಕೇಳಿದೆ.

"ಯು ಟಾಕ್," ಎಂದರು ಅತ್ತಿಗೆ. ಮುಖವನ್ನು ಸೆರಗಿನಿಂದ ಒರೆಸಿಕೊಂಡು ಹೊರಗೆ ನಡೆದರು.

ಕುರ್ಚಿ ನನಗೆ ಸಿಕ್ಕಿತು. ಮೇಡಂ, ಸೂಪರ್‌ವೈಸರು, ಮೇಷ್ಟ್ರು ತುಸು ಹೊತ್ತು ತಲೆ ಸೇರಿಸಿ ಮಾತಾಡಿಕೊಂಡು, ಬರುವ ಸೋಮವಾರದಿಂದ ಕೂರಬೇಕು, ಅಲ್ಲಿಯವರೆಗೆ ನೀರು ಮುಟ್ಟಬೇಡ ಎಂದರು. ಹೊರಗೆ ಅತ್ತಿಗೆ ಮೆಟ್ಟಿಲ ಮೇಲೆ ಕೂತಿದ್ದರು. ವಿಷಯ ಹೇಳಿದೆ. ನನ್ನ ಎರಡೂ ಕೈ ಹಿಡಿದು, ಅಂಗೈ ಮೇಲೆ ಮಾಡಿ, ಒಂದೊಂದೇ ಬೆರಳು ಬಿಡಿಸಿ ನೋಡಿದರು. "ಇಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ ಕಣೇ?" ಎಂದರು. ದನಿಯಲ್ಲಿ ಸಿಟ್ಟಿತ್ತು, ಬೈದಷ್ಟೇ ಪ್ರೀತಿಯೂ ಇತ್ತು. ಈ ಸಲ ಉತ್ತರವನ್ನು ನನ್ನ ಪರವಾಗಿ ಅವರೇ ಹೇಳಲಿಲ್ಲ.

ಸಂಜೆಯ ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ಆ ದಾರಿಯ ಕಂಡಕ್ಟರು ನಮಗೆ ಹಳಬ. ಎಂದಿನಂತೆ ಅತ್ತಿಗೆಯ ಮುಂದೆ ಬಂದು ನಿಂತ. ಅತ್ತಿಗೆ ಕಿಟಕಿಯ ಕಡೆ ತಿರುಗಿ ಹೊರಗೆ ನೋಡುತ್ತಾ ಕೂತರು. ಅವನು ಕಾದ. ಹಿಂದಿನವರು ಬೇಗ ಕೊಡಪ್ಪ ಎಂದರು. ಅತ್ತಿಗೆಯ ತಲೆ ಅಲ್ಲಾಡಲಿಲ್ಲ.

ನೀರಿನ ಟ್ಯಾಂಕ್ ಸ್ಟಾಪಿಗೆ ಎರಡು ಟಿಕೆಟ್ ಕೊಡಿ ಎಂದೆ.

ಕಂಡಕ್ಟರು ಟಿಕೆಟ್ ಹರಿಯುತ್ತಾ ಅತ್ತಿಗೆಯನ್ನು ಕೇಳಿದ, "ಏನಮ್ಮ, ಇವರಿಗೂ ಮಾತು ಬರುತ್ತಾ?"

"ಅವಳನ್ನೇ ಕೇಳು," ಎಂದರು ಅತ್ತಿಗೆ, ಕಿಟಕಿಯಿಂದ ಮುಖ ತಿರುಗಿಸದೆ.

ಅವನು ನನ್ನನ್ನು ಕೇಳಿದ. ಬರುತ್ತೆ ಎಂದೆ.